ವಡವಾ

ವಡವಾ ಎಂಬುದು ಹೆಣ್ಣು ಕುದುರೆಗೆ ಸಂಸ್ಕೃತದಲ್ಲಿರುವ ಹೆಸರುಗಳಲ್ಲೊಂದು. ವಡಬಾ, ಬಡವಾ, ಬಡಬಾ ಎಂಬ ರೂಪಗಳೂ ಉಂಟು. ಪಾಲಿಯಲ್ಲಿ ಇದು ವಳವಾ. ಕನ್ನಡದಲ್ಲಿ ಈ ಪದ ಪ್ರಾಣಿಯ ಹೆಸರಾಗಿ ಬೇರೂರಲಿಲ್ಲ. ಬಡಬಾಗ್ನಿ, ಬಡಬಾನಲ ಎಂಬ ಸಮಾಸಗಳ ಮೊದಲ ಅರ್ಧವಾಗಿ ಮಾತ್ರ ಉಳಿಯಿತು. ಈ ಸಮಾಸಗಳ ಅರ್ಥ ಕಡಲೊಳಗೆ ಉರಿಯುವ ಬೆಂಕಿ. ಲಾಯದಲ್ಲಿ ಹುಟ್ಟಿದ ಪದವೊಂದು ಯಜ್ಞ, ವ್ಯಾಕರಣ, ಪುರಾಣ, ಖಗೋಳ, ವೈದ್ಯ ಎಲ್ಲವನ್ನೂ ಹಾದು ಸಮುದ್ರದ ತಳ ಸೇರಿದ್ದು ಭಾರತೀಯ ಶಬ್ದಚರಿತ್ರೆಯ ಸ್ವಾರಸ್ಯದ ಅಧ್ಯಾಯ.

ರೂಪ ಮತ್ತು ನಿಷ್ಪತ್ತಿ

ಸಂಸ್ಕೃತದಲ್ಲಿ ಹೆಣ್ಣು ಕುದುರೆಗೆ ಅತ್ಯಂತ ಹಳೆಯ ಹೆಸರು ಅಶ್ವಾ. ಇದು ಅಶ್ವ ಶಬ್ದದ ಸ್ತ್ರೀಲಿಂಗ ರೂಪ, ಋಗ್ವೇದದಲ್ಲೇ ಬರುತ್ತದೆ. ಇದರ ನೆಂಟಸ್ತನ ದೂರದವರೆಗೆ ಹಬ್ಬಿದೆ: ಅವೆಸ್ತಾ ಭಾಷೆಯ ಅಸ್ಪ, ಲ್ಯಾಟಿನ್ನಿನ ಈಕ್ವುಸ್, ಗ್ರೀಕಿನ ಹಿಪ್ಪೋಸ್ ಎಲ್ಲವೂ ಒಂದೇ ಬೇರಿನವು.

ವಡವಾ ಈ ಬಳಗಕ್ಕೆ ಸೇರಿದ್ದಲ್ಲ. ಇದನ್ನು ಇಂಡೋ-ಯುರೋಪಿಯನ್ ಮೂಲಕ್ಕೆ ಜೋಡಿಸುವ, ಎಲ್ಲರೂ ಒಪ್ಪಿದ ನಿಷ್ಪತ್ತಿ ಇಲ್ಲ. ಪದದ ನಡುವಿನ ಮೂರ್ಧನ್ಯ ಡಕಾರ, ವಕಾರ-ಬಕಾರಗಳ ನಡುವಿನ ಓಲಾಟ, ಬೇರೆಬೇರೆ ಗ್ರಂಥಗಳಲ್ಲಿ ಬೇರೆಬೇರೆ ಕಾಗುಣಿತ — ಇವೆಲ್ಲ ಆಡುಮಾತಿನಿಂದ ಶಿಷ್ಟಭಾಷೆಗೆ ಏರಿಬಂದ ಪದಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಸಾಂಪ್ರದಾಯಿಕ ನಿಘಂಟುಕಾರರು ಬಲ ಶಬ್ದದ ಲಕಾರ ಡಕಾರವಾಯಿತೆಂದು ಹೇಳಿ, ಬಲದಿಂದ ಚಲಿಸುವವಳು ಎಂಬರ್ಥದಲ್ಲಿ ಇದನ್ನು ಬಿಡಿಸಿದ್ದಾರೆ. ಇದು ಅರ್ಥವನ್ನು ಮೊದಲೇ ಇಟ್ಟುಕೊಂಡು ಪದವನ್ನು ಬಿಡಿಸುವ ಕ್ರಮ. ಪದದ ಚರಿತ್ರೆಗೆ ಇದನ್ನು ಆಧಾರವಾಗಿ ಹಿಡಿಯುವಂತಿಲ್ಲ.

ಅಮರಕೋಶ ಹೆಣ್ಣು ಕುದುರೆಗೆ ವಾಮೀ, ಅಶ್ವಾ, ವಡವಾ ಎಂಬ ಮೂರು ಹೆಸರುಗಳನ್ನು ಕೊಡುತ್ತದೆ. ಹೆಣ್ಣು ಕುದುರೆಗಳ ಹಿಂಡಿಗೆ ವಾಡವ ಎನ್ನುತ್ತದೆ. ಕುದುರೆಯ ಮರಿ ಕಿಶೋರ. ಇಂದು ಹದಿಹರೆಯದ ಹುಡುಗ ಹುಡುಗಿಯರಿಗೆ ಕಿಶೋರ, ಕಿಶೋರಿ ಎನ್ನುವ ಕನ್ನಡಿಗರು ತಿಳಿಯದೆಯೇ ಲಾಯದ ಇನ್ನೊಂದು ಪದವನ್ನು ಬಳಸುತ್ತಿದ್ದಾರೆ.

ವೈದಿಕ ಸಾಹಿತ್ಯದಲ್ಲಿ

ವಡವಾ ಶಬ್ದ ಕಾಣಿಸಿಕೊಳ್ಳುವುದು ಋಗ್ವೇದದ ನಂತರದ ಸಂಹಿತೆಗಳಲ್ಲಿ ಮತ್ತು ಬ್ರಾಹ್ಮಣಗಳಲ್ಲಿ. ಅಲ್ಲಿ ಇದು ಹೆಚ್ಚಾಗಿ ಬರುವುದು ಗರ್ಭ, ಪ್ರಸವ, ಸಂತಾನಗಳ ಸಂದರ್ಭದಲ್ಲಿ. ತೈತ್ತಿರೀಯ ಸಂಹಿತೆಯ ಏಳನೆಯ ಕಾಂಡದ ಆರಂಭದಲ್ಲಿ ಪ್ರಜಾಪತಿ ಹೇಸರಗತ್ತೆಯ ಬೀಜಶಕ್ತಿಯನ್ನು ಕಿತ್ತುಕೊಂಡು ಬೇರೆ ಪ್ರಾಣಿಗಳಲ್ಲಿ ಇಟ್ಟ ಪ್ರಸಂಗವಿದೆ. ಹೇಸರಗತ್ತೆಗೆ ಮರಿ ಆಗದಿರುವುದಕ್ಕೆ ಅದೇ ಕಾರಣ ಎನ್ನುತ್ತದೆ ಗ್ರಂಥ. ಹಾಗೆಯೇ ಗಂಡು ಕತ್ತೆಯನ್ನೂ ವಡವೆಯನ್ನೂ ‘ದ್ವಿರೇತಸ್’, ಅಂದರೆ ಎರಡು ಬೀಜದ ಪ್ರಾಣಿಗಳು ಎಂದು ಕರೆಯುತ್ತದೆ.

ಇದರ ಹಿಂದೆ ಪಶುಪಾಲಕರ ನೇರ ಅನುಭವವಿದೆ. ಹೆಣ್ಣು ಕುದುರೆ ಗಂಡು ಕುದುರೆಯಿಂದ ಕುದುರೆಮರಿಯನ್ನು ಹೆರುತ್ತದೆ, ಗಂಡು ಕತ್ತೆಯಿಂದ ಹೇಸರಗತ್ತೆಯನ್ನು ಹೆರುತ್ತದೆ. ಕುದುರೆಗೆ 64 ವರ್ಣತಂತುಗಳು, ಕತ್ತೆಗೆ 62. ಎರಡರ ನಡುವೆ ಹುಟ್ಟುವ ಹೇಸರಗತ್ತೆಗೆ 63. ಈ ಬೆಸ ಸಂಖ್ಯೆ ಸರಿಜೋಡಿಯಾಗದೆ ಬೀಜಕೋಶಗಳು ರೂಪುಗೊಳ್ಳುವುದು ಕೆಡುವುದರಿಂದ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. ಪ್ರಜಾಪತಿಯ ಕಥೆ ವಿವರಿಸಲು ಹೊರಟದ್ದೂ ಇದೇ ಸಂಗತಿಯನ್ನು.

ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದ ಸೃಷ್ಟಿಕಥನದಲ್ಲೂ ಈ ಪದ ಬರುತ್ತದೆ. ಆದಿಪುರುಷ ತನ್ನಿಂದಲೇ ಬೇರ್ಪಟ್ಟ ಹೆಣ್ಣನ್ನು ಕೂಡಲು ಬರುತ್ತಾನೆ. ಅವಳು ತಪ್ಪಿಸಿಕೊಂಡು ಹಸುವಾಗುತ್ತಾಳೆ, ಅವನು ಹೋರಿಯಾಗುತ್ತಾನೆ. ಅವಳು ವಡವೆಯಾದಾಗ ಅವನು ಗಂಡು ಕುದುರೆ, ಅವಳು ಹೆಣ್ಣು ಕತ್ತೆಯಾದಾಗ ಅವನು ಗಂಡು ಕತ್ತೆ. ಒಂದೇ ಗೊರಸಿನ ಪ್ರಾಣಿಗಳು ಹುಟ್ಟಿದ್ದು ಹೀಗೆ ಎನ್ನುತ್ತದೆ ಉಪನಿಷತ್ತು. ಕುದುರೆ ಮತ್ತು ಕತ್ತೆಗಳನ್ನು ಗೊರಸಿನ ಆಧಾರದ ಮೇಲೆ ಒಂದು ಗುಂಪಾಗಿ ನೋಡುವ ಈ ವಿಂಗಡಣೆ ಇಂದಿನ ಪ್ರಾಣಿಶಾಸ್ತ್ರಕ್ಕೂ ಒಪ್ಪುವಂಥದು.

ಆಶ್ವಲಾಯನ ಗೃಹ್ಯಸೂತ್ರದ ತರ್ಪಣ ವಿಧಿಯಲ್ಲಿ ಆಚಾರ್ಯರ ಹೆಸರುಗಳ ಜೊತೆಗೆ ಮೂವರು ಹೆಂಗಸರ ಹೆಸರುಗಳಿವೆ: ಗಾರ್ಗೀ ವಾಚಕ್ನವೀ, ವಡವಾ ಪ್ರಾತಿಥೇಯೀ, ಸುಲಭಾ ಮೈತ್ರೇಯೀ. ಹೆಣ್ಣು ಕುದುರೆಯ ಹೆಸರು ಗೌರವದ ವ್ಯಕ್ತಿನಾಮವೂ ಆಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ವ್ಯಾಕರಣದಲ್ಲಿ

ಪಾಣಿನಿ ತನ್ನ ಅಷ್ಟಾಧ್ಯಾಯಿಯಲ್ಲಿ ಈ ಪದಕ್ಕೆ ವಿಶೇಷ ನಿಯಮವನ್ನೇ ಇಟ್ಟಿದ್ದಾನೆ. ಎರಡು ಪದಗಳು ಸೇರಿ ದ್ವಂದ್ವ ಸಮಾಸವಾದಾಗ ಸಾಮಾನ್ಯವಾಗಿ ಕೊನೆಯ ಪದದ ಲಿಂಗವೇ ಇಡೀ ಸಮಾಸದ ಲಿಂಗವಾಗುತ್ತದೆ. ಅಶ್ವ ಮತ್ತು ವಡವಾ ಸೇರಿದಾಗ ಈ ಕ್ರಮ ನಡೆಯುವುದಿಲ್ಲ. 2.4.27ನೆಯ ಸೂತ್ರದ ಪ್ರಕಾರ ಮೊದಲ ಪದದ ಲಿಂಗವೇ ಗೆಲ್ಲುತ್ತದೆ. ಆದ್ದರಿಂದ ‘ಅಶ್ವವಡವೌ’ ಎಂಬ ರೂಪ ಪುಲ್ಲಿಂಗ. ಇವೆರಡನ್ನೂ ಒಂದು ಘಟಕವಾಗಿ ಎಣಿಸಿ ‘ಅಶ್ವವಡವಂ’ ಎಂದು ನಪುಂಸಕ ಏಕವಚನದಲ್ಲಿ ಹೇಳಲು 2.4.12ನೆಯ ಸೂತ್ರ ಅವಕಾಶ ಕೊಡುತ್ತದೆ. ಹೇಸರಗತ್ತೆಯ ಹೆಸರಾದ ಅಶ್ವತರ ಶಬ್ದವನ್ನು ಸಾಧಿಸಲು 5.3.91ನೆಯ ಸೂತ್ರವಿದೆ. ಅಶ್ವತ್ವ ತುಸು ಕಡಿಮೆಯಾದದ್ದು ಎಂಬುದು ಅಲ್ಲಿನ ಭಾವ. ಇಷ್ಟೊಂದು ಸೂತ್ರಗಳು ಬೇಕಾದದ್ದನ್ನು ನೋಡಿದರೆ ಗಂಡು-ಹೆಣ್ಣು ಕುದುರೆಗಳನ್ನು ಜೊತೆಗೂಡಿಸಿ ಹೇಳುವುದು ಆ ಕಾಲದ ನಿತ್ಯದ ಮಾತಾಗಿತ್ತು ಎನ್ನಬಹುದು.

ಲಾಯದಲ್ಲಿ

ಪದದ ಮೂಲ ನೆಲೆಯನ್ನು ಹತ್ತಿರದಿಂದ ಕಾಣಿಸುವುದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ಎರಡನೆಯ ಅಧಿಕರಣದ ಅಶ್ವಾಧ್ಯಕ್ಷ ಪ್ರಕರಣ ರಾಜನ ಕುದುರೆ ಲಾಯ ನಡೆಯಬೇಕಾದ ಕ್ರಮವನ್ನು ಹೇಳುತ್ತದೆ. ವಡವೆಗಳಿಗೆ, ಬೀಜದ ಗಂಡುಗಳಿಗೆ, ಮರಿಗಳಿಗೆ ಪ್ರತ್ಯೇಕ ಜಾಗ ಇರಬೇಕು. ಈದ ವಡವೆಗೆ ಮೂರು ರಾತ್ರಿ ಒಂದೊಂದು ಪ್ರಸ್ಥದಷ್ಟು ತುಪ್ಪ ಕುಡಿಸಬೇಕು. ಆಮೇಲೆ ಹತ್ತು ರಾತ್ರಿ ಒಂದು ಪ್ರಸ್ಥ ಹಿಟ್ಟು, ಜೊತೆಗೆ ಔಷಧ ಬೆರೆಸಿದ ಜಿಡ್ಡು. ಹತ್ತು ರಾತ್ರಿ ಕಳೆದ ಮೇಲೆ ಮರಿಗೂ ತುಪ್ಪ ಬೆರೆಸಿದ ಹಿಟ್ಟು, ಆರು ತಿಂಗಳವರೆಗೆ ಹಾಲು. ಬಾಣಂತನದ ಈ ಪಥ್ಯ ನಮ್ಮ ಹಳ್ಳಿಗಳಲ್ಲಿ ಈದ ಎಮ್ಮೆ, ಹಸುಗಳಿಗೆ ಮಾಡುವ ಆರೈಕೆಗಿಂತ ಬಹಳ ದೂರದ್ದೇನಲ್ಲ.

ಹೆಣ್ಣು ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮರಿ ಕೊಡದ, ಯುದ್ಧಕ್ಕೆ ಅನಿವಾರ್ಯವಾದ ಪ್ರಾಣಿಯ ಹೆಣ್ಣನ್ನು ರಾಜ್ಯವೊಂದು ಹೀಗೆ ಲೆಕ್ಕವಿಟ್ಟು ಸಾಕಿದ್ದು ಸಹಜವೇ.

ಸಂಜ್ಞೆಯ ಕಥೆ

ವಡವೆಗೆ ಪುರಾಣದಲ್ಲಿ ದೊಡ್ಡ ಪಾತ್ರ ಕೊಟ್ಟ ಮೊದಲ ಕಥೆ ಅಶ್ವಿನೀದೇವತೆಗಳ ಜನ್ಮದ್ದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ತ್ವಷ್ಟೃವಿನ ಮಗಳು ಸರಣ್ಯೂ ವಿವಸ್ವಂತನನ್ನು, ಅಂದರೆ ಸೂರ್ಯನನ್ನು ಮದುವೆಯಾಗಿ, ತನ್ನಂತೆಯೇ ಇರುವ ಇನ್ನೊಬ್ಬಳು ಅವನ ಬಳಿ ಉಳಿದಾಗ ಮರೆಯಾದ ಸೂಚನೆ ಮಾತ್ರ ಇದೆ. ಕುದುರೆಯ ರೂಪದ ಮಾತು ಅಲ್ಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳುವುದು ಯಾಸ್ಕನ ನಿರುಕ್ತ: ಅವಳು ಕುದುರೆಯ ರೂಪ ತಾಳಿ ಓಡಿದಳು, ವಿವಸ್ವಂತನೂ ಕುದುರೆಯಾಗಿ ಹಿಂಬಾಲಿಸಿದ, ಅವರಿಬ್ಬರಿಂದ ಅಶ್ವಿನಿಗಳು ಹುಟ್ಟಿದರು. ಬೃಹದ್ದೇವತಾ ಈ ಪ್ರಸಂಗವನ್ನು ವಿಸ್ತರಿಸಿ, ನೆಲಕ್ಕೆ ಬಿದ್ದ ರೇತಸ್ಸನ್ನು ಅವಳು ಮೂಸಿದ್ದರಿಂದಲೇ ನಾಸತ್ಯ, ದಸ್ರ ಎಂಬ ಅವಳಿಗಳು ಜನಿಸಿದರೆನ್ನುತ್ತದೆ.

ಪುರಾಣಗಳಲ್ಲಿ ಸರಣ್ಯೂ ಸಂಜ್ಞೆಯಾಗುತ್ತಾಳೆ. ಗಂಡನಾದ ಸೂರ್ಯನ ತೇಜಸ್ಸನ್ನು ತಾಳಲಾರದೆ ಛಾಯೆಯನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ವಡವೆಯಾಗಿ ಹೋಗಿ ತಪಸ್ಸು ಮಾಡುತ್ತಾಳೆ. ವಿಷಯ ತಿಳಿದ ಸೂರ್ಯನನ್ನು ವಿಶ್ವಕರ್ಮ ಚಕ್ರಯಂತ್ರಕ್ಕೆ ಏರಿಸಿ ತೇಜಸ್ಸನ್ನು ಹೆರೆದು ಕಡಿಮೆ ಮಾಡುತ್ತಾನೆ. ಹೆರೆದ ಚೂರುಗಳಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲ ಮುಂತಾದ ಆಯುಧಗಳಾಗುತ್ತವೆ. ಬಳಿಕ ಸೂರ್ಯ ಕುದುರೆಯಾಗಿ ಅವಳನ್ನು ಸೇರುತ್ತಾನೆ. ಅಶ್ವಿನಿಗಳ ಜೊತೆಗೆ ರೇವಂತನೆಂಬ ಮಗನೂ ಹುಟ್ಟುತ್ತಾನೆ. ಈತ ಶಿಲ್ಪಗಳಲ್ಲಿ ಕುದುರೆ ಸವಾರನಾಗಿ ಕಾಣುವ ದೇವತೆ. ಇಪ್ಪತ್ತೇಳು ನಕ್ಷತ್ರಗಳಲ್ಲಿ ಮೊದಲನೆಯದಾದ ಅಶ್ವಿನಿಯ ಹೆಸರೂ ಕುದುರೆಯದೇ. ಅದರ ಗುರುತು ಕುದುರೆಯ ತಲೆ.

ಕಡಲೊಳಗಿನ ಬೆಂಕಿ

ಎರಡನೆಯ ಕಥೆ ಔರ್ವನದು. ಮಹಾಭಾರತದ ಆದಿಪರ್ವದಲ್ಲಿ ಗಂಧರ್ವನೊಬ್ಬ ಅರ್ಜುನನಿಗೆ ಇದನ್ನು ಹೇಳುತ್ತಾನೆ. ಕೃತವೀರ್ಯನ ವಂಶದ ಕ್ಷತ್ರಿಯರು ಹಣದಾಸೆಯಿಂದ ಭೃಗುಗಳನ್ನು ಕೊಲ್ಲುತ್ತಾ, ಬಸುರಿಯರ ಗರ್ಭಗಳನ್ನೂ ಬಿಡುವುದಿಲ್ಲ. ಒಬ್ಬಾಕೆ ತನ್ನ ಗರ್ಭವನ್ನು ತೊಡೆಯಲ್ಲಿ ಬಚ್ಚಿಡುತ್ತಾಳೆ. ಊರುವಿನಿಂದ, ಅಂದರೆ ತೊಡೆಯಿಂದ ಹುಟ್ಟಿದ ಆ ಮಗು ಔರ್ವ. ಹುಟ್ಟಿದ ಕ್ಷಣದ ಅವನ ತೇಜಸ್ಸಿಗೆ ಕೊಲೆಗಡುಕರ ಕಣ್ಣು ಹೋಗುತ್ತದೆ. ಮುಂದೆ ಅವನು ಲೋಕವನ್ನೇ ಸುಡಲು ಹೊರಟಾಗ ಪಿತೃಗಳು ಬಂದು ತಡೆಯುತ್ತಾರೆ. ಎದ್ದ ಕೋಪವನ್ನು ಹಿಂದಕ್ಕೆ ಪಡೆದರೆ ಅದು ತನ್ನನ್ನೇ ಸುಟ್ಟೀತು ಎನ್ನುತ್ತಾನೆ ಔರ್ವ. ಲೋಕವೆಲ್ಲ ನೀರನ್ನು ನಂಬಿದೆ, ಆ ನೀರಿನಲ್ಲಿ ಅದನ್ನು ಬಿಡು ಎನ್ನುತ್ತಾರೆ ಪಿತೃಗಳು. ಸಮುದ್ರಕ್ಕೆ ಬಿಟ್ಟ ಆ ಕೋಪ ದೊಡ್ಡ ಕುದುರೆಯ ತಲೆಯಾಗಿ, ನೀರನ್ನು ಕುಡಿಯುತ್ತಾ ಬಾಯಿಂದ ಬೆಂಕಿ ಉಗುಳುತ್ತದೆ. ವಸಿಷ್ಠ ಈ ಕಥೆಯನ್ನು ತನ್ನ ಮೊಮ್ಮಗ ಪರಾಶರನಿಗೆ ಹೇಳಿದ್ದು ಅವನ ಸೇಡಿನ ಸಿಟ್ಟನ್ನು ಇಳಿಸುವುದಕ್ಕಾಗಿ.

ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವ ವಾನರರಿಗೆ ಪೂರ್ವದಿಕ್ಕನ್ನು ವಿವರಿಸುವಾಗ ಸಮುದ್ರದಲ್ಲಿರುವ ಈ ಕುದುರೆಮುಖದ ಬೆಂಕಿಯನ್ನು ನೆನೆಯುತ್ತಾನೆ. ಶಿವಪುರಾಣದಲ್ಲಿ ಕಥೆ ಬೇರೆ: ಮನ್ಮಥನನ್ನು ಸುಟ್ಟ ಶಿವನ ಮೂರನೆಯ ಕಣ್ಣಿನ ಬೆಂಕಿ ಲೋಕವನ್ನು ಸುಡದಂತೆ ಬ್ರಹ್ಮ ಅದಕ್ಕೆ ವಡವೆಯ ರೂಪ ಕೊಟ್ಟು ಸಮುದ್ರಕ್ಕೆ ಒಪ್ಪಿಸುತ್ತಾನೆ. ಒಂದು ಕಡೆ ಬ್ರಾಹ್ಮಣನ ಕೋಪ, ಇನ್ನೊಂದು ಕಡೆ ಕಾಮವನ್ನು ಸುಟ್ಟ ಬೆಂಕಿ. ಎರಡನ್ನೂ ನಂದಿಸಲಾಗದು, ಹೊರಗೆ ಬಿಡಲೂ ಆಗದು. ಅಮೆರಿಕದ ವಿದ್ವಾಂಸೆ ವೆಂಡಿ ಡೋನಿಗರ್ 1971ರಲ್ಲಿ ಶೈವ ಪುರಾಣಗಳ ಈ ಕಡಲ ಕುದುರೆಯ ಬಗ್ಗೆಯೇ ಒಂದು ದೀರ್ಘ ಪ್ರಬಂಧ ಬರೆದರು.

ಬಡಬಾಗ್ನಿಗೆ ಎರಡು ಕೆಲಸಗಳಿವೆ. ನದಿಗಳೆಲ್ಲ ಬಂದು ಸುರಿದರೂ ಕಡಲು ತುಂಬಿ ಹೊರಚೆಲ್ಲುವುದಿಲ್ಲ ಏಕೆ ಎಂಬ ಪ್ರಶ್ನೆಗೆ ಅದು ಉತ್ತರ. ಇಂದು ನಾವು ಆವಿಯಾಗುವಿಕೆ ಎಂದು ವಿವರಿಸುವುದನ್ನು ಪುರಾಣ ಈ ಬೆಂಕಿಯ ಬಾಯಾರಿಕೆ ಎಂದು ವಿವರಿಸಿತು. ಪ್ರಳಯದಲ್ಲಿ ಹೊರಬಂದು ಲೋಕವನ್ನು ಸುಡುವುದು ಅದರ ಎರಡನೆಯ ಕೆಲಸ. ಅಲ್ಲಿಯವರೆಗೆ ನೀರು ಬೆಂಕಿಯನ್ನು ಆರಿಸುವುದಿಲ್ಲ, ಬೆಂಕಿ ನೀರನ್ನು ಮುಗಿಸುವುದಿಲ್ಲ.

ಈ ಬೆಂಕಿಗೆ ಹೆಣ್ಣು ಕುದುರೆಯ ರೂಪವೇ ಏಕೆ? ಪದದ ಹಳೆಯ ಬಳಕೆಯಲ್ಲೇ ಉತ್ತರದ ಸುಳಿವಿದೆ. ಎರಡು ಬೀಜಗಳನ್ನು ಧರಿಸುವವಳು, ಸೂರ್ಯನ ತೇಜಸ್ಸನ್ನು ಕೊನೆಗೂ ಗರ್ಭದಲ್ಲಿ ತಾಳಿದವಳು ವಡವೆ. ತಾಳಲಾಗದ್ದನ್ನು ಒಳಗಿಟ್ಟುಕೊಳ್ಳುವ ಈ ಗುಣವೇ ಲಾಯದ ಪ್ರಾಣಿಯನ್ನೂ ಕಡಲ ಬೆಂಕಿಯನ್ನೂ ಬೆಸೆದಿದೆ.

ನಾವಿಕರ ಕಡಲು, ಖಗೋಳಜ್ಞರ ಧ್ರುವ

ಪಾಲಿ ಜಾತಕಗಳಲ್ಲಿ ಸುಪ್ಪಾರಕ ಜಾತಕ ಎಂಬುದೊಂದಿದೆ. ಭರುಕಚ್ಛದ (ಇಂದಿನ ಭರೂಚ್) ಕುರುಡು ನಾವಿಕನೊಬ್ಬ ದಾರಿತಪ್ಪಿದ ಹಡಗಿನಲ್ಲಿ ಒಂದೊಂದೇ ವಿಚಿತ್ರ ಕಡಲನ್ನು ಹೆಸರಿಸುತ್ತಾ ಹೋಗುತ್ತಾನೆ. ಕೊನೆಯದು ವಳಭಾಮುಖ, ಅಂದರೆ ಸಂಸ್ಕೃತದ ವಡವಾಮುಖ. ಅಲ್ಲಿ ನೀರು ಎಲ್ಲ ಕಡೆಯಿಂದಲೂ ಗೋಡೆಯಂತೆ ಮೇಲೇಳುತ್ತದೆ, ನಡುವೆ ಪ್ರಪಾತದಂಥ ಹಳ್ಳ, ಕಿವಿಗಡಚಿಕ್ಕುವ ಮೊರೆತ. ಅಲ್ಲಿ ಸಿಕ್ಕ ಹಡಗು ಮರಳಿ ಬರುವುದಿಲ್ಲ ಎಂದು ತಿಳಿದ ವರ್ತಕರು ಗೋಳಿಡುತ್ತಾರೆ. ನಾವಿಕ ಸತ್ಯದ ಬಲದಿಂದ ಹಡಗನ್ನು ಊರಿಗೆ ತಿರುಗಿಸುತ್ತಾನೆ. ಇಲ್ಲಿ ವಡವಾಮುಖ ಬೆಂಕಿಗಿಂತ ಹೆಚ್ಚಾಗಿ ಸುಳಿಯ ರೂಪದಲ್ಲಿದೆ.

ಖಗೋಳಜ್ಞರು ಈ ಪದಕ್ಕೆ ನಿಶ್ಚಿತ ಸ್ಥಾನ ಕೊಟ್ಟರು. ಕ್ರಿ.ಶ. 499ರಲ್ಲಿ ರಚಿತವಾದ ಆರ್ಯಭಟೀಯದ ಗೋಲಪಾದದಲ್ಲಿ ಮೇರು ನೆಲಭಾಗದ ನಡುವಿನಲ್ಲಿ, ಬಡವಾಮುಖ ಜಲಭಾಗದ ನಡುವಿನಲ್ಲಿ ಇದೆ. ಅಂದರೆ ಮೊದಲನೆಯದು ಉತ್ತರ ಧ್ರುವ, ಎರಡನೆಯದು ದಕ್ಷಿಣ ಧ್ರುವ. ಮೇರುವಿನಲ್ಲಿರುವವರಿಗೆ ನಕ್ಷತ್ರಗೋಲ ಒಂದು ದಿಕ್ಕಿಗೆ ತಿರುಗುವಂತೆ ಕಂಡರೆ, ಬಡವಾಮುಖದಲ್ಲಿರುವವರಿಗೆ ಅದರ ಎದುರು ದಿಕ್ಕಿಗೆ ತಿರುಗುವಂತೆ ಕಾಣುತ್ತದೆಂದೂ ಆರ್ಯಭಟ ಹೇಳುತ್ತಾನೆ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯ ಭೂಗೋಲದ ಮೇಲೆ ಆರು ಗುರುತಿನ ಜಾಗಗಳನ್ನು ಇಡುತ್ತಾನೆ: ಭೂಮಧ್ಯರೇಖೆಯಲ್ಲಿ ಲಂಕೆ, ಯಮಕೋಟಿ, ಸಿದ್ಧಪುರ, ರೋಮಕ, ಉತ್ತರಕ್ಕೆ ಮೇರು, ದಕ್ಷಿಣಕ್ಕೆ ವಡವಾನಲ. ಪುರಾಣದ ಹೆಸರನ್ನು ಉಳಿಸಿಕೊಂಡು ಅದರೊಳಗೆ ಗಣಿತದ ಬಿಂದುವನ್ನು ಇಟ್ಟ ಜಾಣ್ಮೆ ಇದು.

ಇತರ ಅರ್ಥಗಳು

ಅಮರಕೋಶದಲ್ಲಿ ವಾಡವ ಎಂಬುದು ಕಡಲ ಬೆಂಕಿಗೂ ಹೆಸರು, ಬ್ರಾಹ್ಮಣನಿಗೂ ಹೆಸರು. ವಾತ್ಸ್ಯಾಯನನ ಕಾಮಸೂತ್ರ ಹೆಂಗಸರನ್ನು ಮೃಗೀ, ವಡವಾ, ಹಸ್ತಿನೀ ಎಂದು ಮೂರಾಗಿ ವಿಂಗಡಿಸುತ್ತದೆ. ಧರ್ಮಶಾಸ್ತ್ರಗಳಲ್ಲಿ ಪದ ಕೆಳಕ್ಕಿಳಿದಿದೆ: ಅಲ್ಲಿ ವಡವಾ ಎಂದರೆ ದಾಸಿ. ನಾರದಸ್ಮೃತಿ ಎಣಿಸುವ ಹದಿನೈದು ಬಗೆಯ ದಾಸರಲ್ಲಿ ದಾಸಿಯ ಮೋಹದಿಂದ ತಾನೂ ದಾಸನಾದವನು ಒಬ್ಬ. ಅವನ ಹೆಸರಿನಲ್ಲಿ ಈ ಪದವಿದೆ. ಋಷಿಕೆಯ ಹೆಸರಾಗಿದ್ದ ಪದವೇ ದಾಸಿಯ ಹೆಸರೂ ಆಯಿತು. ಆಯುರ್ವೇದದಲ್ಲಿ ಜಠರಾಗ್ನಿಯನ್ನು ಕೆರಳಿಸುವ ಔಷಧಗಳಿಗೆ ವಡವಾನಲ ಎಂಬ ಹೆಸರಿದೆ. ತಿಂದದ್ದನ್ನೆಲ್ಲ ಅರಗಿಸುವ ಶಕ್ತಿ ಎಂಬುದು ಅಲ್ಲಿನ ಸೂಚನೆ.

ಕನ್ನಡದಲ್ಲಿ

ವನ ಬನವಾದಂತೆ, ವೀಥಿ ಬೀದಿಯಾದಂತೆ ಸಂಸ್ಕೃತದ ಆದಿ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಡಿಕೆ. ಸಂಸ್ಕೃತದಲ್ಲೇ ಬಕಾರದ ರೂಪ ಇದ್ದುದರಿಂದ ಬಡಬ ಎಂಬುದು ಕನ್ನಡ ಕಿವಿಗೆ ಇನ್ನೂ ಒಗ್ಗಿತು. ಹಳೆಯ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಸೇನೆ ಕಡಲಾದರೆ ಅದನ್ನು ಒಳಗಿನಿಂದ ಸುಡುವ ವೀರ ಬಡಬಾನಲ. ಇಂದಿನ ಬರಹದಲ್ಲಿ ತಣಿಯದ ಹಸಿವಿಗೆ, ಒಳಗೇ ಕುದಿಯುವ ಸಿಟ್ಟಿಗೆ ಬಡಬಾಗ್ನಿ ಎನ್ನುತ್ತೇವೆ.

ಕನ್ನಡದ ಬಡವ, ಬಡವಿ ಪದಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ಬಡ ಎಂಬ ದೇಶ್ಯ ಮೂಲದವು. ಹಂಪಿಯ ಬಡವಿಲಿಂಗ ನೀರಿನ ನಡುವೆ ನಿಂತಿದ್ದರೂ ಅದರ ಹೆಸರನ್ನು ಜನ ಬಡ ಹೆಂಗಸೊಬ್ಬಳ ಕಥೆಯೊಂದಿಗೆ ಸೇರಿಸುತ್ತಾರೆಯೇ ಹೊರತು ವಡವೆಯೊಂದಿಗೆ ಅಲ್ಲ.

ಪ್ರಾಣಿಗೆ ಕನ್ನಡ ಬಳಸುವುದು ಹೆಣ್ಣು ಕುದುರೆ ಎಂಬ ಎರಡು ಪದಗಳನ್ನು. ಎಮ್ಮೆ-ಕೋಣ, ಹಸು-ಎತ್ತು, ಕುರಿ-ಟಗರು, ಹೇಂಟೆ-ಹುಂಜ ಎಂದು ಸಾಕುಪ್ರಾಣಿಗಳಿಗೆ ಜೋಡಿ ಹೆಸರುಗಳಿವೆ. ಹೆಣ್ಣಾನೆಗೆ ಹಳಗನ್ನಡದಲ್ಲಿ ಪಿಡಿ ಎಂಬ ಸ್ವಂತ ಪದವಿದೆ. ಕುದುರೆಗೆ ಅಂಥ ಜೋಡಿ ಇಲ್ಲ. ಎಮ್ಮೆ, ಕುರಿ, ಕೋಳಿಗಳು ಮನೆಮನೆಯಲ್ಲಿ ಮರಿ ಹಾಕಿದವು. ಕುದುರೆ ದಕ್ಷಿಣದಲ್ಲಿ ಬಹುಕಾಲ ಹೊರಗಿನಿಂದ ಕೊಂಡುತಂದ ಸರಕು. ಅರಬ್ಬಿ ಕಡಲಿನ ಬಂದರುಗಳಿಗೆ ಹಡಗಿನಲ್ಲಿ ಇಳಿದ ಕುದುರೆಗಳಿಗಾಗಿ ವಿಜಯನಗರದ ಅರಸರು ಅಪಾರ ಹಣ ಸುರಿದರು. ಸವಾರನಿಗೆ ಬೇಕಾದದ್ದು ಕುದುರೆಯ ಓಟ ಮತ್ತು ಬಣ್ಣದ ಹೆಸರುಗಳು. ಈಯುವ ಹೆಣ್ಣಿಗೆ ಬೇರೆ ಹೆಸರು ಬೇಕಾಗುವುದು ತಳಿ ಬೆಳೆಸುವವನಿಗೆ. ಹೈದರ್-ಟಿಪ್ಪು ಕಾಲದ ಸೇನೆಯ ನಂಟಿರುವ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರ್ಮ್‌ನಲ್ಲಿ ಮುಂದೆ ರೇಸ್ ಕುದುರೆಗಳ ತಳಿ ಬೆಳೆಯಿತು. ಅಷ್ಟುಹೊತ್ತಿಗೆ ಆ ಕಸುಬಿನ ಪದಗಳು ಇಂಗ್ಲಿಷಿನಿಂದ ಬಂದಿದ್ದವು: ನಾಲ್ಕು ವರ್ಷದವರೆಗಿನ ಹೆಣ್ಣು ಫಿಲ್ಲಿ, ಆಮೇಲೆ ಮೇರ್, ತಳಿಗೆ ಬಿಟ್ಟದ್ದು ಬ್ರೂಡ್‌ಮೇರ್.

ಇತರ ಭಾಷೆಗಳಲ್ಲಿ

ಹೆಣ್ಣು ಕುದುರೆಯ ಹೆಸರುಗಳು ಹಲವೆಡೆ ಗಂಡಿನ ಹೆಸರಿಗಿಂತ ಹೆಚ್ಚು ಬಾಳಿವೆ. ಲ್ಯಾಟಿನ್ನಿನ ಈಕ್ವುಸ್ ಅದರ ಮಗಳು ಭಾಷೆಗಳಲ್ಲಿ ಅಳಿದು ಕಬಾಲುಸ್ ಎಂಬ ಬೇರೆ ಪದ ಆ ಜಾಗಕ್ಕೆ ಬಂತು. ಸ್ತ್ರೀಲಿಂಗದ ಈಕ್ವಾ ಮಾತ್ರ ಸ್ಪ್ಯಾನಿಷಿನ ಯೆಗುವಾ, ರೊಮೇನಿಯನ್ನಿನ ಯಾಪಾ ಆಗಿ ಉಳಿದಿದೆ. ಲಿಥುವೇನಿಯನ್ನಿನಲ್ಲಿ ಅಶ್ವಾ ಎಂದರೆ ಹೆಣ್ಣು ಕುದುರೆಯೇ. ಫ್ರೆಂಚಿನ ಜ್ಯುಮಾಂ ಬಂದದ್ದು ನೊಗ ಹೊರುವ ಪ್ರಾಣಿ ಎಂಬರ್ಥದ ಲ್ಯಾಟಿನ್ ಪದದಿಂದ. ನಮ್ಮ ಯುಗ, ಯೋಗ ಪದಗಳ ಯುಜ್ ಧಾತುವಿಗೆ ಅದು ನೆಂಟ. ಇಂಗ್ಲಿಷಿನ ಮೇರ್ ಕುದುರೆ ಎಂಬರ್ಥದ ಹಳೆಯ ಜರ್ಮಾನಿಕ್ ಪದವೊಂದರ ಸ್ತ್ರೀರೂಪ. ಅದರ ಪುಲ್ಲಿಂಗ ಇಂಗ್ಲಿಷಿನಲ್ಲಿ ಸತ್ತಿದೆ, ಕುದುರೆ ಆಳು ಎಂಬ ಮೂಲಾರ್ಥದ ಮಾರ್ಷಲ್ ಎಂಬ ಪದವಿಯೊಳಗೆ ಮಾತ್ರ ಅವಿತಿದೆ. ದುಃಸ್ವಪ್ನಕ್ಕೆ ಹೇಳುವ ನೈಟ್‌ಮೇರ್‌ನಲ್ಲಿರುವ ಮೇರ್ ಕುದುರೆಯಲ್ಲ. ಅದು ಮಲಗಿದವರ ಎದೆಯೇರುವ ಭೂತದ ಹೆಸರು. ಉತ್ತರ ಭಾರತದಲ್ಲಿ ಘೋಡಿ ಎಂಬ ಪದ ಚಾಲ್ತಿಯಲ್ಲಿದೆ. ಮದುಮಗ ಮದುವೆಗೆ ಏರಿ ಹೋಗುವುದು ಅವಳ ಬೆನ್ನನ್ನೇ.

ಹಳೆಯ ಗ್ರಂಥಗಳನ್ನು ಓದುವವರು ವಡವಾ ಎಂದು ಕಂಡಕೂಡಲೇ ಕುದುರೆ ಎಂದೋ ಬೆಂಕಿ ಎಂದೋ ನಿರ್ಧರಿಸಬಾರದು. ಬ್ರಾಹ್ಮಣಗಳಲ್ಲಿ ಮತ್ತು ಅರ್ಥಶಾಸ್ತ್ರದಲ್ಲಿ ಅದು ಪ್ರಾಣಿ, ಕಾವ್ಯದಲ್ಲಿ ಕಡಲ ಬೆಂಕಿ, ಸಿದ್ಧಾಂತ ಗ್ರಂಥಗಳಲ್ಲಿ ದಕ್ಷಿಣ ಧ್ರುವ, ಸ್ಮೃತಿಗಳಲ್ಲಿ ದಾಸಿ. ಗ್ರಂಥ ಯಾವ ಶಾಸ್ತ್ರದ್ದೆಂದು ಮೊದಲು ನೋಡಿಕೊಂಡರೆ ಅರ್ಥ ತಪ್ಪುವುದಿಲ್ಲ.